ಬಲಗಡೆಯ ಗೋಡೆ

ಪಕೀರಮ್ಮ ಹತ್ತಿ ಮಿಲ್ಲಿನ ಬೆಲ್ಟಿಗೆ ಸಿಕ್ಕು ಸತ್ತ ಸಿಸಿಟಿವಿ ದೃಶ್ಯವನ್ನು ಅಲ್ಲಿ ಕ್ಯಾಮೆರಾ ಹಾಕಿಕೊಟ್ಟಿದ್ದ ನಾನೇ, ಮಿಲ್ಲಿನವರ ಮಾತಿಗೆ, ಅಳಿಸಿದೆ. ಆಕೆ ಅಂದು ಕೆಲಸಕ್ಕೇ ಬಂದಿರಲಿಲ್ಲವೆಂದು ಅವರು ಪೊಲೀಸರಿಗೆ ಬರೆದುಕೊಟ್ಟರು.

ತಿಂಗಳಾದ ಮೇಲೆ ಮಿಲ್ಲಿನ ಸಾವ್ಕಾರರು ಮನೆಗೆ ಪ್ರೊಜೆಕ್ಟರ್ ಬೇಕೆಂದು ಆದೋನಿಯ ನನ್ನ ಅಂಗಡಿಗೆ ಬಂದರು. ಎರಡು ಪ್ರೊಜೆಕ್ಟರುಗಳನ್ನು ಪಕ್ಕಪಕ್ಕ ಇಟ್ಟು, ಎರಡರಲ್ಲೂ ಅವರ ಮಿಲ್ಲಿನ ಜಾಹೀರಾತನ್ನೇ ಗೋಡೆಯ ಮೇಲೆ ಹಾಕಿದೆ. ಎಡಗಡೆ ಬರೀ ಹತ್ತಿಯ ರಾಶಿ ಕಂಡಿತು. ಬಲಗಡೆ ಅದೇ ರಾಶಿಯ ಮೇಲೆ ಪಕೀರಮ್ಮ ಕೂತು ಕಸ ಹೆಕ್ಕುತ್ತಿದ್ದಳು. ವೈರು ಅದಲುಬದಲು ಮಾಡಿದೆ. ಆಗಲೂ ಆಕೆ ಬಲಗಡೆಯೇ ಇದ್ದಳು. ಬಿಸಿಗಾಳಿ ಬಿಡಬೇಕಾದ ಆ ಪ್ರೊಜೆಕ್ಟರಿನ ಫ್ಯಾನಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು.

ಸಾವ್ಕಾರರು ಬಲಗಡೆಗೆ ಕೈ ತೋರಿಸಿದರು.

"ಇಷ್ಟು ಕ್ಲಿಯರ್ ನಮಗ ಬ್ಯಾಡಪ. ಎಡಗಡೇದು ಕಟ್ಟಿಕೊಡು, ಇದನ್ನ ಬಂದ್ ಮಾಡು."

"ಆಕಿ ಕೆಲಸ ಇನ್ನೂ ಮುಗಿದಿಲ್ರಿ," ಅಂದೆ. "ನಾ ಬಂದ್ ಮಾಡಂಗಿಲ್ಲ."