ನಲವತ್ತೆಂಟು ನಿಮಿಷದ ಹಾರಾಟ

ಮಂಗಳವಾರ ಬೆಳಗ್ಗೆ 9.40ಕ್ಕೆ ವಿಮಾನ ನಿಲ್ದಾಣದ ಮ್ಯಾನೇಜರ್ ಠಾಣೆಗೆ ಫೋನ್ ಮಾಡಿ ದೂರು ಕೊಟ್ಟರು. 10.20ಕ್ಕೆ ಹೊರಡುವ ವಿಮಾನದಲ್ಲಿ ಬಾಂಬ್ ಇದೆಯೆಂದು ಯಾರೋ ವಿಚಾರಣಾ ಕೌಂಟರಿಗೆ ಕರೆ ಮಾಡಿದ್ದರು. ಎಫ್‌ಐಆರ್ ದಾಖಲಿಸಲು ಹೇಳಿ ಇನ್ಸ್‌ಪೆಕ್ಟರ್ ಜೀಪು ಹತ್ತಿದರು.

ನಿಲ್ದಾಣದ ಹೊರಗೇಟು ಮುಚ್ಚಿಸಿ, ಪ್ರಯಾಣಿಕರನ್ನು ಇಳಿಸಿ, ಸಾಮಾನನ್ನೆಲ್ಲ ಹೊರಗೆ ಹಾಕಿಸಿ ಹುಡುಕಿದ್ದಾಯಿತು. ಪಂಚನಾಮೆ ನಾಲ್ಕು ಪುಟವಾಯಿತು. ಅಷ್ಟುದ್ದ ಬರೆದರೂ ಹೇಳಿದ್ದು ಏನೂ ಸಿಗಲಿಲ್ಲ ಎಂದಷ್ಟೇ. ಮಧ್ಯಾಹ್ನ 1.30ಕ್ಕೆ ವಿಮಾನ ಹಾರಿತು.

ಇನ್ಸ್‌ಪೆಕ್ಟರ್ ಕೌಂಟರಿನ ಹುಡುಗಿಯನ್ನು ಕರೆಸಿದರು.

"ಏನಂದ? ಒಂದಕ್ಷರ ಬಿಡದೆ ಹೇಳಮ್ಮ."

"ಹಾರಾಟ ನಲವತ್ತೆಂಟು ನಿಮಿಷ, ನಲವತ್ತನೇ ನಿಮಿಷಕ್ಕೆ ಸಿಡಿಯುತ್ತೆ, ಬಿಡಬೇಡಿ ಅಂದ್ರು ಸಾರ್. ತುಂಬಾ ಮೆತ್ತಗೆ ಮಾತಾಡಿದ್ರು."

ಟಿಕೆಟ್ಟಿನಲ್ಲಿ ಇದ್ದದ್ದು ಒಂದು ಗಂಟೆ ಇಪ್ಪತ್ತು ನಿಮಿಷ.

"ಲೆಕ್ಕದಲ್ಲಿ ಫೇಲಾದೋನು ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್.

ಮ್ಯಾನೇಜರ್ ನಗಲಿಲ್ಲ. "ಟಿಕೆಟ್ಟಲ್ಲಿ ನೆಲದ ಮೇಲೆ ಓಡೋ ಹೊತ್ತೂ ಸೇರಿರುತ್ತೆ. ಎರಡು ಊರಿನ ಮಧ್ಯೆ ನಾನೂರ ಮೂವತ್ತು ಕಿಲೋಮೀಟರ್. ದಿನಾ ಆದ್ರೆ ಮೇಲೆ ಐವತ್ತೈದು ನಿಮಿಷ ಹಾರುತ್ತೆ. ಇವತ್ತು ಹಿಂದಿನಿಂದ ಗಾಳಿ ಜೋರಿದೆ, ಅದಕ್ಕೇ ನಲವತ್ತೆಂಟು."

"ಅದು ಯಾರಿಗೆ ಗೊತ್ತಿರುತ್ತೆ?"

"ಪೈಲಟ್‌ಗೆ. ಮತ್ತೆ ಹಾರಾಟದ ಹಾಳೆ ಬರೆದುಕೊಡೋ ನಮ್ಮ ಗುಮಾಸ್ತರಿಗೆ."

ಗುಮಾಸ್ತನ ಕೋಣೆ ಎರಡನೇ ಮಹಡಿಯಲ್ಲಿತ್ತು. ಗೋಡೆ ತುಂಬ ನಕ್ಷೆ, ಮೇಜಿನ ಮೇಲೆ ಉದ್ದನೆಯ ಅಡಿಪಟ್ಟಿ. ಇಪ್ಪತ್ತೆರಡು ವರ್ಷ ಸರ್ವಿಸಾದ ಆತ ಎದ್ದು ಇನ್ಸ್‌ಪೆಕ್ಟರಿಗೆ ಕುರ್ಚಿ ಕೊಟ್ಟ.

"ನಾನೇ ಸಾರ್ ಮಾಡಿದ್ದು."

"ಯಾಕ್ರೀ?"

"ಆ ವಿಮಾನದಲ್ಲಿ ನಮ್ಮಮ್ಮ ಇದ್ರು. ಪೆಟ್ಟಿಗೇಲಿ."

ತಾಯಿ ತೀರಿಕೊಂಡದ್ದು ಹಿಂದಿನ ದಿನ. ತನ್ನೂರಿಗೆ ಒಯ್ದು ಸಂಜೆಯೊಳಗೆ ಎಲ್ಲ ಮುಗಿಸಬೇಕೆಂದು ದೊಡ್ಡಣ್ಣ ಪಟ್ಟು ಹಿಡಿದಿದ್ದ. ತಂಗಿ ಬೇರೆ ಊರಿನಿಂದ ಬರುವ ಬಸ್ಸು ತಲುಪುವುದೇ 11.45ಕ್ಕೆ.

"ಕೈಮುಗಿದೆ, ಕಾಯಲ್ಲ ಅಂದ. ಅಮ್ಮನ್ನ ಕಳಿಸೋ ಹಾಳೇನೂ ನಾನೇ ಬರೆದೆ ಸಾರ್. ವಿಮಾನ ನಿಂತರೆ ಪೆಟ್ಟಿಗೆ ಸರಕಿನ ಕೋಣೆಗೆ ವಾಪಸ್ ಬರುತ್ತೆ, ತಂಗಿ ಒಂದ್ಸಲ ಮುಖ ನೋಡ್ಕೋತಾಳೆ ಅಂದ್ಕೊಂಡೆ. ನೀವು ಗೇಟು ಮುಚ್ಚಿಸ್ತೀರಿ ಅನ್ನೋದು ಹೊಳೀಲೇ ಇಲ್ಲ. ಇಷ್ಟು ವರ್ಷ ಮೇಲಿನ ದಾರಿ ಅಳೆದಿದ್ದೇ ಆಯ್ತು."

ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದ. "ಹನ್ನೆರಡು ಗಂಟೆಗೆ ಒಬ್ಬ ಹೆಣ್ಣುಮಗಳು ಗೇಟ್ ಹತ್ರ ಗೋಗರೆದ್ರು ಸಾರ್. ನಾನೇ ಆಚೆ ಕಳಿಸಿದೆ."

ಯಾರೂ ಅವನನ್ನು ಬೈಯಲಿಲ್ಲ. ಬೈಯುವುದಕ್ಕೆ ಅವನ ತಪ್ಪಾದರೂ ಏನಿತ್ತು?

2.25ಕ್ಕೆ ಗುಮಾಸ್ತನನ್ನು ಬಂಧಿಸಲಾಯಿತು. ಬೇಡಿ ಹಾಕಲು ಇನ್ಸ್‌ಪೆಕ್ಟರಿಗೆ ಮನಸ್ಸಾಗಲಿಲ್ಲ. ಕೆಳಗೆ ಬರುವಾಗ, ಆಗಷ್ಟೇ ತೆರೆದ ಗೇಟಿನಿಂದ ಹೆಂಗಸೊಬ್ಬಳು ಚೀಲ ಅವಚಿಕೊಂಡು ಓಡಿ ಬಂದಳು.

"ಅಣ್ಣಾ, ವಿಮಾನ ತಡ ಅಂತಲ್ಲ, ಸದ್ಯ! ಅಮ್ಮನ್ನ ಎಲ್ಲಿ ಮಲಗಿಸಿದೀರ?"