ತಾತನ ಪೆಡಲ್ ಲೆಕ್ಕ

"ತೊಂಬತ್ತೇಳು... ತೊಂಬತ್ನಾಲ್ಕು... ತೊಂಬತ್ತೊಂದು..."

ತಾತನ ಎಣಿಕೆ ಅಲ್ಲಿಗೇ ನಿಂತುಬಿಟ್ಟಿತು. ಬಾಯಿಯ ಜೊತೆ ಕಾಲೂ ನಿಂತಿತು. ಮಂಚದ ತುದಿಗೆ ಕಟ್ಟಿದ್ದ ಪುಟ್ಟ ಪೆಡಲ್ ಅಲ್ಲಾಡಲಿಲ್ಲ. ಪಕ್ಕದ ಮಿಷನ್ ಮಾತ್ರ ಅವರ ಎಡಗೈಯಿಂದ ಪೈಪಿನಲ್ಲಿ ರಕ್ತ ಎಳೆದು, ಶುದ್ಧ ಮಾಡಿ, ವಾಪಸ್ ಕಳಿಸುತ್ತಿತ್ತು.

"ಕಾಲು ನಿಲ್ಲಿಸ್ಬೇಡಿ ತಾತ. ತುಳೀತಾನೇ ಮೂರು ಕಳೀರಿ," ಎಂದರು ವ್ಯಾಯಾಮ ಮಾಡಿಸುವ ಪದ್ಮಶ್ರೀ ಮೇಡಂ.

ಮೇಡಂ ಬೆನ್ನ ಹಿಂದೆ ಸ್ಟೂಲ್ ಮೇಲೆ ಕುಳಿತಿದ್ದ ಶಿರೀಷಾ ಮೆಲ್ಲಗೆ ಎಂಟು ಬೆರಳು ಎತ್ತಿದಳು.

"ಹಾಂ, ಎಂಬತ್ತೆಂಟು!" ಎಂದರು ತಾತ.

"ಸೂಪರ್!" ಮೇಡಂ ಹಾಳೆಯಲ್ಲಿ ಟಿಕ್ ಹಾಕಿದರು.

ತಾತ ನರಸಿಂಹಪ್ಪನವರ ಕಿಡ್ನಿ ಕೆಟ್ಟು ಎರಡು ವರ್ಷವಾಗಿತ್ತು. ಜಂಗಮಕೋಟೆಯಿಂದ ಶಿಡ್ಲಘಟ್ಟಕ್ಕೆ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಬರಬೇಕು. ಒಂದು ಸಲ ಮಲಗಿದರೆ ನಾಲ್ಕು ಗಂಟೆ. ಬೇಸಿಗೆ ರಜೆಯಾದ್ದರಿಂದ ಐದನೇ ಕ್ಲಾಸಿನ ಶಿರೀಷಾ ತಾತನ ಹತ್ತಿರ ಕೂರುತ್ತಿದ್ದಳು. ಅಮ್ಮ ಹೊರಗೆ ಬೆಂಚಿನ ಮೇಲೆ ಇರುತ್ತಿದ್ದಳು.

ಬೆರಳು ತೋರಿಸುವುದು ತಪ್ಪೆಂದು ಶಿರೀಷಾಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕ್ಲಾಸಲ್ಲಿ ಯಾರಾದರೂ ಹೀಗೆ ಮಾಡಿದರೆ ಮೊದಲು ಎದ್ದು ಹೇಳುವವಳೇ ಅವಳು.

ಆದರೆ ಹೋದ ವಾರ ತಾತ ಊರಿನ ಹಾಲಿನ ಡೇರಿ ಮುಂದೆ ನಿಂತು, "ನಮ್ಮನೆಗೆ ಯಾವ್ ಕಡೆ ಹೋಗ್ಬೇಕಮ್ಮ?" ಎಂದು ಅವಳನ್ನು ಕೇಳಿದ್ದರು. ಅದೇ ಡೇರಿಯಲ್ಲಿ ಮೂವತ್ತು ವರ್ಷ ಹಾಲು ಅಳೆದವರು! ಶಿರೀಷಾಗೆ ಭಯವಾಗಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಮೇಡಂ ಹಾಳೆಯಲ್ಲಿ "ಮರೆವು" ಎಂದು ಬರೆದುಬಿಟ್ಟರೆ ತಾತನನ್ನು ಒಬ್ಬರನ್ನೇ ಎಲ್ಲೂ ಬಿಡುವುದಿಲ್ಲ ಎಂದುಕೊಂಡಿದ್ದಳು. ತಾತನನ್ನು ಹೇಗಾದರೂ ಪಾಸು ಮಾಡಿಸಬೇಕಿತ್ತು.

ಪಕ್ಕದ ಮಂಚದಲ್ಲಿ ದಿಲ್ಷಾದ್ ಬೇಗಂ ಮಲಗಿದ್ದರು. ಅವರಿಗೂ ಡಯಾಲಿಸಿಸ್. ಅವರು ಎಂಟು ಬೆರಳನ್ನೂ ನೋಡಿದ್ದರು. ಆದರೆ ಸುಮ್ಮನೆ ಕಣ್ಣು ಮುಚ್ಚಿಕೊಂಡರು.

ಹೀಗೇ ಬೆರಳು ನೋಡಿಕೊಂಡೇ ಲೆಕ್ಕ ಮುಗಿಯಿತು. ಒಂದೂ ತಪ್ಪಿಲ್ಲ.

"ತಾತನ ತಲೆ ಫುಲ್ ಶಾರ್ಪ್! ಇನ್ಮೇಲೆ ಲೆಕ್ಕ ಬೇಡ, ಬರೀ ಪೆಡಲ್ ಸಾಕು," ಎಂದು ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು.

ಶಿರೀಷಾಗೆ ಖುಷಿಯಾಗಬೇಕಿತ್ತು. ಆದರೆ ತಾತ ನಗಲಿಲ್ಲ. ಮೊಮ್ಮಗಳ ಮುಖವನ್ನೂ ನೋಡಲಿಲ್ಲ. ಗೋಡೆಯ ಕಡೆ ತಿರುಗಿಕೊಂಡರು.

"ಮೇಡಂ..." ಶಿರೀಷಾ ಸ್ಟೂಲಿನಿಂದ ಎದ್ದಳು. "ಅದು ತಾತ ಹೇಳಿದ್ದಲ್ಲ. ನಾನು ಬೆರಳು ತೋರಿಸ್ದೆ. ಫೇಲ್ ಮಾಡ್ಬೇಡಿ ಮೇಡಂ. ತಾತಂಗೆ ಮನೆ ದಾರಿನೂ ಮರೆತೋಗಿತ್ತು..."

ಹೇಳುತ್ತಲೇ ಅತ್ತುಬಿಟ್ಟಳು.

ಮೇಡಂ ಬೈಯಲಿಲ್ಲ. ಅವಳ ಎದುರು ಕುಕ್ಕುರುಗಾಲಲ್ಲಿ ಕುಳಿತರು. "ಇದು ಪರೀಕ್ಷೆ ಅಲ್ಲ ಕಣಮ್ಮ, ವ್ಯಾಯಾಮ. ಕಾಲು ತುಳೀತಾ ಇರುವಾಗ್ಲೇ ತಲೆಗೂ ಕೆಲಸ ಕೊಡ್ತೀವಿ. ತಾತನ ಬದಲು ನೀನು ಪೆಡಲ್ ತುಳೀತೀಯಾ?"

ಶಿರೀಷಾ ಇಲ್ಲವೆಂದು ತಲೆಯಾಡಿಸಿದಳು.

"ದಾರಿ ಮರೆತಿದ್ದು ಹೇಳಿದ್ದು ಒಳ್ಳೇದಾಯ್ತು. ಡಾಕ್ಟ್ರಿಗೆ ತಿಳಿಸ್ತೀನಿ."

"ತಪ್ಪು ನಂದೂ ಇದೆ," ಎಂದರು ತಾತ ಗೋಡೆ ನೋಡುತ್ತಲೇ. "ಮಗು ಬೆರಳು ನೋಡ್ಕೊಂಡೇ ಹೇಳ್ದೆ. ನಾಚ್ಕೆ ಆಯ್ತದಮ್ಮ, ಗೊತ್ತಿಲ್ಲ ಅನ್ನಕ್ಕೆ." ಆಮೇಲೆ ನಿಧಾನವಾಗಿ ಇತ್ತ ತಿರುಗಿದರು. "ಈ ಕಳೆಯೋ ಲೆಕ್ಕ ಬುಟ್ಟಾಕಿ. ಡೇರಿ ನಂಬರ್ ಕೇಳಿ. ಹಾಲು ಹಾಕೋ ಮನೆಗೊಂದೊಂದು ನಂಬರು. ಎಲ್ಲಾ ಬಾಯಲ್ಲೇ ಇತ್ತು ನಂಗೆ."

"ಸರಿ, ತುಳೀರಿ. ಹದಿನಾಲ್ಕು?"

ಪೆಡಲ್ ತಿರುಗಿತು. "ಅಮ್ಮಾಜಮ್ಮ. ಎರಡು ಸೀಮೆಹಸು. ಹದಿನೈದು ಅಕ್ಕಯಮ್ಮ, ಯಾವಾಗ್ಲೂ ಲೇಟು!"

ದಿಲ್ಷಾದ್ ಬೇಗಂ ಕಣ್ಣು ಮುಚ್ಚಿಕೊಂಡೇ ನಕ್ಕರು.

"ಹದಿನಾರು?"

"ಪೆದ್ದಮ್ಮ. ಒಂದೇ ಎಮ್ಮೆ."

"ಹದಿನೇಳು?"

ತಾತನ ತುಟಿ ಅಲ್ಲಾಡಿತು. ಹೆಸರು ಸಿಗಲಿಲ್ಲ. ಕಾಲು ನಿಧಾನವಾಯಿತು, ಆದರೆ ನಿಲ್ಲಲಿಲ್ಲ.

ಹದಿನೇಳು ಅವರದೇ ಮನೆ. ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹೊತ್ತು ಹೋಗುವ ಶಿರೀಷಾಗೆ ಅದು ನಿದ್ದೆಯಲ್ಲೂ ಗೊತ್ತು. ಬಾಯಿಗೆ ಬಂದೇಬಿಟ್ಟಿತ್ತು. ತುಟಿ ಕಚ್ಚಿಕೊಂಡಳು. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತಳು. ಸುಮ್ಮನಿರುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ಇರಮ್ಮ... ಬರ್ತದೆ..." ಎಂದರು ತಾತ.

"ಬರ್ಲಿ ತಾತ," ಎಂದಳು ಶಿರೀಷಾ. "ಇನ್ನೂ ಎರಡು ಗಂಟೆ ಇಲ್ಲೇ ಇರ್ತೀವಲ್ಲ."