ಹೌದದ ನೀರಿಗೆ ಹುಣಸೆಹುಳಿ

“ಹೌದದಾಗ ಹುಣಸಿಹಣ್ಣು ಯಾರು ಹಾಕ್ಯಾರ?”

ಅಪ್ಪನ ಕೈಯಲ್ಲಿ ಹುಣಸೆಯ ಒದ್ದೆ ನಾರು ಜೋತಾಡುತ್ತಿತ್ತು. ಚನ್ನಿ ಆಯಿಯ ಮುಖ ನೋಡಿದಳು. ಆಯಿ, ಅಂದರೆ ಅಪ್ಪನ ತಾಯಿ ಹಂಪಮ್ಮ, ಆಕಾಶ ನೋಡಿದಳು.

“ನಾನ... ಮತ್ತ ಆಯಿ,” ಎಂದಳು ಚನ್ನಿ.

“ನೀರು ಖಾರ ಆಗಿರಬೇಕು, ಹುಳಿ ಹಾಕ್ರಿ ಅಂತ ಟೀಚರ್ ಹೇಳ್ಯಾರಂತ. ಸಾರು ಖಾರ ಆದ್ರ ಹುಳಿ ಹಿಂಡೂದಿಲ್ಲೇನು? ಹಿಂಡಿದ್ವಿ,” ಎಂದಳು ಆಯಿ.

“ಯವ್ವಾ, ಇದೇನು ಸಾರು ಅಲ್ಲ!” ಅಪ್ಪ ನಾರನ್ನು ದೂರ ಎಸೆದರು. “ಸಾಕಾತು ನನಗ. ಸೋಮವಾರ ತನಕ ನೋಡ್ತೀನಿ. ನೀರು ತಿಳಿ ಆಗಲಿಲ್ಲಂದ್ರ ಹೌದ ಖಾಲಿ ಮಾಡಿ ನೆಲ್ಲು ನೆನಿ ಹಾಕಸ್ತೀನಿ.”

ಕಟ್ಟೆಯ ಮೇಲೆ ಕೂತಿದ್ದ ತಂಗಿ ನೀಲಾ ಕಾಲನ್ನು ಫ್ರಾಕಿನೊಳಗೆ ಎಳೆದುಕೊಂಡಳು.

ಮಾನ್ವಿಯಲ್ಲಿ ಗಡಿಗೆಪ್ಪನವರ ರೈಸ್ ಮಿಲ್ಲು ಎಂದರೆ ಎಲ್ಲರಿಗೂ ಗೊತ್ತು. ಚನ್ನಿಯ ಅಪ್ಪ ಅವರೇ. ಮಿಲ್ಲಿಗೂ ಮನೆಗೂ ನಡುವೆ ನೆಲ್ಲು ನೆನೆಹಾಕುತ್ತಿದ್ದ ದೊಡ್ಡ ತೊಟ್ಟಿ ಇತ್ತು. ಅದೇ ಹೌದ; ಮಿಲ್ಲಿನ ಹಿಂದೆ ಹೊಸ ಹೌದ ಕಟ್ಟಿಸಿದ ಮೇಲೆ ಖಾಲಿ ಬಿದ್ದಿತ್ತು. ಚನ್ನಿಯ ಸೊಂಟಮಟ್ಟ ನೀರು ಹಿಡಿಯುತ್ತಿತ್ತು.

ತಂಗಿ ನೀಲಾಗೆ ಆರು ವರ್ಷ. ಕೂಸಿದ್ದಾಗ ಬಂದ ಜ್ವರದಲ್ಲಿ ಅವಳ ಎಡಗಾಲು ಸೊರಗಿಹೋಗಿತ್ತು. “ನೀರಾಗ ನಡಸ್ರಿ, ಕಾಲಿಗೆ ಬಲ ಬರ್ತದ,” ಎಂದು ರಾಯಚೂರಿನ ಡಾಕ್ಟರು ಹೇಳಿದ್ದರು. ಅಪ್ಪ ಆ ವಾರವೇ ಹೌದವನ್ನು ತೊಳೆಸಿ, ಸಿನಿಮಾದ ಸ್ವಿಮ್ಮಿಂಗ್ ಪೂಲಿನಂತೆ ಬೆಳ್ಳಗಿರಲಿ ಎಂದು ಒಳಗೆಲ್ಲ ಸುಣ್ಣ ಹೊಡೆಸಿ, ಬಾವಿಯ ನೀರು ತುಂಬಿಸಿದರು.

ಎಂಥ ಹತ್ತು ದಿನಗಳು ಅವು! ಬೆಳಗಿನ ಶಾಲೆ ಮುಗಿಸಿ ಬಂದವಳೇ ಚನ್ನಿ ನೀರಿಗಿಳಿಯುತ್ತಿದ್ದಳು. ಅಂಗಾತ ತೇಲಿ ಕಿವಿ ಮುಳುಗಿಸಿದರೆ ಮಿಲ್ಲಿನ ಸದ್ದು ಎಲ್ಲೋ ದೂರದ ಊರಿನಿಂದ ಬಂದಂತೆ ಗುಂಯ್ ಎನ್ನುತ್ತಿತ್ತು. ಆ ಸದ್ದಿಗೆ ನೀರಿನ ತುಂಬ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು. ಗಾಳಿಗೆ ಹಾರಿಬಂದ ನೆಲ್ಲಿನ ಹೊಟ್ಟು ಬಿಸಿಲಲ್ಲಿ ಬಂಗಾರದ ಚೂರಿನಂತೆ ತೇಲುತ್ತಿತ್ತು. ಮೇಲೆ ಬೇವಿನ ಟೊಂಗೆ, ಅದರ ಮೇಲೆ ಬರೀ ಆಕಾಶ. ಕಣ್ಣು ಮುಚ್ಚಿದರೆ ಮೈ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ.

ನೀರಿನಲ್ಲಿ ಕಾಲು ಎಳೆಯದೆ ನಡೆಯುತ್ತಿದ್ದಳು ನೀಲಾ. ಚನ್ನಿ ಅವಳ ಕೈ ಹಿಡಿದು ಎಣಿಸುತ್ತಿದ್ದಳು. “ಏಳು... ಎಂಟು... ಇನ್ನೊಂದು! ನಿನ್ನೆ ಒಂಬತ್ತಾಗಿತ್ತು, ಇವತ್ತು ಹತ್ತಾಗಬೇಕು. ಇನ್ನೊಂದು!” ಒಮ್ಮೊಮ್ಮೆ ನೀಲಾ ಅಳುತ್ತಿದ್ದಳು.

ಆಮೇಲೆ ನೀರು ಹಸಿರಾಯಿತು. ಅಪ್ಪ ಬ್ಲೀಚಿಂಗ್ ಪೌಡರ್ ಹಾಕಿಸಿದರು. ಹೋಗಲಿಲ್ಲ. ಇನ್ನಷ್ಟು ಹಾಕಿಸಿದರು. ನೀಲಾಳ ಕಣ್ಣು ಕೆಂಪಾಯಿತೇ ಹೊರತು ಹಸಿರು ಜಪ್ಪಯ್ಯ ಅನ್ನಲಿಲ್ಲ. ಆಗಲೇ ಚನ್ನಿ ಶಾಲೆಯಲ್ಲಿ ಟೀಚರನ್ನು ಕೇಳಿ ಬಂದು, ಆಯಿಯ ಜೊತೆ ಹುಣಸೆಹಣ್ಣು ಹಾಕಿದ್ದು.

ಅಪ್ಪನ ಕೈಗೆ ಹುಣಸೆ ನಾರು ಸಿಕ್ಕ ಮರುದಿನ ಗುರುವಾರ. ಚನ್ನಿ ಹುಣಸೆಹಣ್ಣಿನ ಕತೆ ಹೇಳಿದಾಗ ಕಮರುನ್ನೀಸಾ ಟೀಚರ್ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

“ಯಾ ಅಲ್ಲಾ! ಖಾರ ಅಲ್ಲವಾ, ಕ್ಷಾರ! ಹುಳಿಗೆ ಎದುರಿಂದು. ಅಲ್ಲ, ಮದಿವ್ಯಾಗ ಕೆಂಪು ಆರತಿ ನೀರು ಹ್ಯಾಂಗ ಮಾಡ್ತೀರಿ ನಿಮ್ಮ ಮನ್ಯಾಗ?”

“ಅರಿಶಿಣದ ನೀರಿಗೆ ಚೂರು ಸುಣ್ಣ ಹಾಕ್ತಾಳ್ರೀ ಆಯಿ.”

“ಸುಣ್ಣ ಕ್ಷಾರ. ಅದಕ್ಕ ಅರಿಶಿಣ ಕೆಂಪಾಗ್ತದ.”

ಚನ್ನಿ ಥಟ್ಟನೆ ಎದ್ದು ನಿಂತಳು. “ಟೀಚರ್! ನಮ್ಮ ಹೌದಕ್ಕೂ ಒಳಗೆಲ್ಲಾ ಸುಣ್ಣ ಹೊಡಸ್ಯಾರ್ರಿ!”

“ಹಾಂ! ನೀರು ಅಷ್ಟು ಕ್ಷಾರ ಇದ್ರ ಬ್ಲೀಚಿಂಗ್ ಪೌಡರ್ ಕೆಲಸನ ಮಾಡೂದಿಲ್ಲ. ಕಾಲುವಿ ನೀರು ತಿಳಿ ಆಗಲಿ ಅಂತ ಪಟಕದ ಕಲ್ಲು ಹಾಕ್ತೀರಲ್ಲ, ಅದು ಹುಳಿ. ಅದನ್ನ ಹಾಕಸು. ಆದ್ರ ಒಮ್ಮಿಗೇ ಸುರೀಬ್ಯಾಡ. ಹುಳಿ ಹೆಚ್ಚಾದ್ರ ಮತ್ತ ಕಣ್ಣು ಉರೀತಾವ. ಅರಿಶಿಣ ಹಚ್ಚಿದ ಕಾಗದ ಅದ್ದಿ ನೋಡು. ನೀರಿಗೆ ಏನು ಬೇಕು ಅಂತ ನೀರನ್ನ ಕೇಳಬೇಕವಾ.”

ಚನ್ನಿ ನೋಟ್‌ಬುಕ್ಕಿನ ಹಾಳೆಗಳಿಗೆ ಅರಿಶಿನ ಬಳಿದು ಒಣಗಿಸಿ ಪಟ್ಟಿಗಳಾಗಿ ಕತ್ತರಿಸಿದಳು. ಮೊದಲ ಪಟ್ಟಿ ಹೌದದಲ್ಲಿ ಅದ್ದಿದ ಕೂಡಲೇ ಕೆಂಪಾಯಿತು. ಅಪ್ಪ ಆ ಪಟ್ಟಿಯನ್ನೂ ಸುಣ್ಣದ ಗೋಡೆಯನ್ನೂ ಬಹಳ ಹೊತ್ತು ನೋಡಿದರು.

“ಅಂದ್ರ ತಪ್ಪು ನಂದ ಅನ್ನು,” ಎಂದು ಮೀಸೆಯಲ್ಲೇ ನಕ್ಕು, ಬಕೆಟ್ಟಿನಲ್ಲಿ ಪಟಕ ಕರಗಿಸಿ ಸುತ್ತಲೂ ಸುರಿಸಿದರು.

“ನಾ ಹುಳಿ ಹಾಕಿದ್ದ ಖರೇನ ಇತ್ತು ನೋಡು!” ಎಂದು ಆಯಿ ಮನೆಗೆಲ್ಲ ಕೇಳುವಂತೆ ಹೇಳಿದಳು.

ಶುಕ್ರವಾರ ಪಟ್ಟಿ ಕೆಂಪಾಗಿಯೇ ಇತ್ತು. ಇನ್ನರ್ಧ ಬಕೆಟ್ ಹಾಕಿದರು. ಶನಿವಾರ ಮಧ್ಯಾಹ್ನವೂ ನೀರು ಹಸಿರೇ. ಸೋಮವಾರಕ್ಕೆ ನಡುವೆ ಉಳಿದದ್ದು ಒಂದೇ ದಿನ. ಮಿಲ್ಲಿನ ಮುಂದೆ ನೆಲ್ಲಿನ ಚೀಲಗಳ ಲಾರಿ ಬಂದು ನಿಂತಿತ್ತು.

ಚನ್ನಿಗೆ ಅಳು ಬಂತು. ಪಟಕದ ಬಕೆಟ್ ತುಂಬಿ ಮೂಲೆಯಲ್ಲಿತ್ತು. ಎಲ್ಲ ಸುರಿದುಬಿಟ್ಟರೆ? ಎರಡೂ ಕೈಯಿಂದ ಅದನ್ನು ಕಟ್ಟೆಗೆ ಎತ್ತಿಟ್ಟಳು. ಓರೆ ಮಾಡಿದಳು. ಮಿಲ್ಲು ನಡೆಯುತ್ತಿತ್ತು. ನೀರಿನ ಮೇಲೆ ಉಂಗುರಗಳು ಒಂದರ ಹಿಂದೊಂದು ಬಂದು ಕಟ್ಟೆಗೆ ತಾಗಿ ಸುಮ್ಮನಾಗುತ್ತಿದ್ದವು. ಅವನ್ನು ನೋಡುತ್ತ ನೋಡುತ್ತ ಅವಳ ಉಸಿರೂ ನಿಧಾನವಾಯಿತು.

ಬಕೆಟ್ ಕೆಳಗಿಟ್ಟಳು. ಒಂದು ಪಟ್ಟಿ ತೆಗೆದು ಅದ್ದಿದಳು.

ಪಟ್ಟಿ ಹಳದಿಯಾಗಿಯೇ ಉಳಿಯಿತು.

“ಯಪ್ಪಾ! ಸಾಕಂತ! ನೀರು ಸಾಕು ಅನ್ನಾಕತ್ತದ!”

ಸಂಜೆ ಅಪ್ಪ ಸ್ವಲ್ಪವೇ ಬ್ಲೀಚಿಂಗ್ ಪೌಡರ್ ಹಾಕಿಸಿದರು. ಭಾನುವಾರ ಬೆಳಿಗ್ಗೆ ಹಸಿರೆಲ್ಲ ತಳಕ್ಕೆ ಇಳಿದು ಕೂತಿತ್ತು. ಅದನ್ನು ಪೈಪಿನಿಂದ ಎಳೆದು ಹಾಕಿಸುವ ಹೊತ್ತಿಗೆ ಸಂಜೆಯಾಯಿತು.

ಸೋಮವಾರ ಶಾಲೆಯಿಂದ ಓಡಿಬಂದ ಚನ್ನಿ ಮೊದಲು ಲಾರಿಯಿದ್ದ ಜಾಗ ನೋಡಿದಳು. ಚೀಲಗಳು ಹೊಸ ಹೌದದ ಕಡೆ ಹೋಗುತ್ತಿದ್ದವು. ಅಪ್ಪ ಈ ಕಡೆ ತಿರುಗಿಯೂ ನೋಡದೆ, “ಇಳೀರಿ, ಇಳೀರಿ,” ಎಂದರು.

ಹೌದದ ತಳದಲ್ಲಿ ಬೇವಿನೆಲೆಯ ನೆರಳು ಆಡುತ್ತಿತ್ತು. ನೀಲಾ ಅಕ್ಕನ ಜೊತೆ ನೀರಿಗಿಳಿದು ನಡೆದಳು. ಐದನೆಯ ಹೆಜ್ಜೆಗೆ ನಿಂತು ಅಕ್ಕನನ್ನು ನೋಡಿದಳು. ಭುಜ ಗಟ್ಟಿ ಮಾಡಿಕೊಂಡಿದ್ದಳು, ಯಾರೋ ತಳ್ಳುತ್ತಾರೆ ಅನ್ನುವ ಹಾಗೆ.

ಚನ್ನಿಯ ಬಾಯಿಗೆ ಬಂದಿದ್ದ ‘ಇನ್ನೊಂದು’ ಅಲ್ಲೇ ನಿಂತಿತು. ಇಷ್ಟು ದಿನ ಈ ಭುಜ ತನಗೆ ಕಂಡೇ ಇರಲಿಲ್ಲವಲ್ಲ ಎನ್ನಿಸಿತು.

“ನೀಲಾ, ಏನು ಮಾಡೂಣು? ನಡೀತಿಯೋ, ನಿಂದರ್ತಿಯೋ?”

ನೀಲಾ ಅವಳನ್ನೇ ನೋಡಿದಳು. “ನೀ ಎಣಸೂದಿಲ್ಲೇನು?”

“ಇಲ್ಲ.”

“ಹಂಗಾದ್ರ ಸ್ವಲ್ಪ ನಿಂದರ್ತೀನಿ.”

ಇಬ್ಬರೂ ನಿಂತರು. ಮಿಲ್ಲಿನ ಸದ್ದಿಗೆ ಉಂಗುರಗಳು ಬಂದು ಇಬ್ಬರ ಮೈಗೂ ತಾಗಿ ಹೋದವು. ಚನ್ನಿ ಅಂಗಾತ ತೇಲಿ ಕಿವಿ ಮುಳುಗಿಸಿದಳು. ಎಷ್ಟು ಹೊತ್ತಾಯಿತೋ. ಪಕ್ಕದಲ್ಲಿ ನೀರು ಮೆಲ್ಲಗೆ ಅಲುಗಿತು, ಮತ್ತೆ ಅಲುಗಿತು, ಅಲುಗುತ್ತಲೇ ಹೌದದ ಆಚೆ ಕಡೆಗೆ ಹೋಯಿತು.

“ಅಕ್ಕಾ, ಈ ಕಡಿ ಗ್ವಾಡಿ ಮುಟ್ಟಿದೆ!”

ಎಷ್ಟು ಹೆಜ್ಜೆಯಾಯಿತೋ ಯಾರಿಗೂ ಗೊತ್ತಿರಲಿಲ್ಲ.